ಕಪ್ಪು ಹೊಂಡದ ಹತ್ತಿ ಹುಲ್ಲು

ಪೀಟ್ ಜೌಗಿಗೆ ಮೊದಲ ಸಲ ಗಿಡಗಳ ಸರ್ವೆಗೆ ಬಂದವರು ಫೋಟೋ ತೆಗೆಯುವುದು ಹತ್ತಿ ಹುಲ್ಲಿನದ್ದು. ತಪ್ಪಲ್ಲ ಬಿಡಿ. ಕಪ್ಪು ನೀರಿನ ಹೊಂಡ, ಅದರ ತುಂಬ ಗಾಳಿಗೆ ಅಲ್ಲಾಡುವ ಬಿಳಿ ಕುಚ್ಚು. ಯಾರ ಕಣ್ಣಾದರೂ ಅಲ್ಲಿಗೇ ಹೋಗುತ್ತದೆ. ಹೆಸರಿಗೆ ಹುಲ್ಲು, ನಿಜಕ್ಕೂ ಅದು ಜೇಕಿನ ಕುಟುಂಬದ್ದು: ಎರಿಯೋಫೋರಮ್ ಆಂಗಸ್ಟಿಫೋಲಿಯಮ್. ನನ್ನ ಕೆಲಸದಲ್ಲಿ ನನ್ನನ್ನು ಚೆನ್ನಾಗಿ ಬೇಸ್ತು ಬೀಳಿಸಿದ ಗಿಡವೂ ಇದೇ.

ಮೊದಲು ಜಾಗ ಎಂಥದ್ದು ಅಂತ ಹೇಳುತ್ತೇನೆ. ಪೀಟ್ ಅಂದರೆ ಪೂರ್ತಿ ಕೊಳೆಯದೆ ಉಳಿದ ಗಿಡಗಳ ರಾಶಿ. ನೀರು ತುಂಬಿದ ನೆಲದಲ್ಲಿ ಗಾಳಿ ಆಡುವುದಿಲ್ಲ, ಸತ್ತ ಗಿಡ ಕೊಳೆಯುವುದು ತೀರಾ ನಿಧಾನ. ವರ್ಷಕ್ಕೆ ಸುಮಾರು 1 ಮಿಲಿಮೀಟರಿನಂತೆ ಈ ರಾಶಿ ಮೇಲೇರುತ್ತದೆ. ಕೆಲವು ಸಾವಿರ ವರ್ಷ ಕಳೆದರೆ ಅದರ ಮೇಲ್ಮೈಗೆ ನೆಲದಡಿಯ ನೀರು ಎಟುಕುವುದೇ ಇಲ್ಲ. ಆಮೇಲೆ ಮಳೆಯೇ ಗತಿ. ಮಳೆನೀರಿನಲ್ಲಿ ಗಿಡಕ್ಕೆ ಬೇಕಾದ ಸಾರ ಎಷ್ಟು ಮಹಾ ಇರುತ್ತದೆ? ಹೊಂಡದ ನೀರಿನ ಪಿಎಚ್ 4ರ ಆಸುಪಾಸು. ಅಂಥ ಹುಳಿ ನೀರಿನಲ್ಲಿ ಬಾಳುವ ಗಿಡಗಳು ಕೆಲವೇ ಕೆಲವು. ಅವುಗಳ ಯಜಮಾನ ಸ್ಫ್ಯಾಗ್ನಮ್ ಎಂಬ ಹಾವಸೆ.

ಯಜಮಾನ ಅಂದದ್ದು ಸುಮ್ನೆ ಅಲ್ಲ. ಸ್ಫ್ಯಾಗ್ನಮ್ ಎಲೆಯಲ್ಲಿ ಹಸಿರು ಕೋಶಗಳ ನಡುವೆ ಸತ್ತ, ಖಾಲಿ ಕೋಶಗಳಿರುತ್ತವೆ. ಅವುಗಳಿಗೆ ಸಣ್ಣ ತೂತು. ನೀರು ಒಳಗೆ ಹೋಗಿ ಕೂರುತ್ತದೆ. ಒಣಗಿದಾಗಿನ ತೂಕದ 20 ಪಟ್ಟಿನವರೆಗೂ ನೀರು ಹಿಡಿಯುತ್ತದೆ ಈ ಹಾವಸೆ. ಜೊತೆಗೆ ಮಳೆನೀರಿನಲ್ಲಿ ಬಂದ ಚೂರುಪಾರು ಕ್ಯಾಲ್ಸಿಯಂ ಹೀರಿಕೊಂಡು ಬದಲಿಗೆ ಹುಳಿ ಬಿಡುತ್ತದೆ. ತನ್ನ ಸುತ್ತಲಿನ ನೀರನ್ನು ಬೇರೆಯವರು ಬಾಳದ ಹಾಗೆ ತಾನೇ ಕೆಡಿಸಿಟ್ಟುಕೊಳ್ಳುತ್ತದೆ. ಪಕ್ಕಾ ಸ್ವಾರ್ಥಿ.

ಆದರೆ ಸ್ಫ್ಯಾಗ್ನಮ್ ಒಂದೇ ಜಾತಿಯಲ್ಲ. ಯಾವುದು ಎಲ್ಲಿ ಇರಬೇಕು ಅನ್ನುವುದು ನೀರಿನ ಮಟ್ಟದಿಂದ ಎಷ್ಟು ಸೆಂಟಿಮೀಟರ್ ಮೇಲೆ ಅನ್ನುವುದರ ಮೇಲೆ ನಿಂತಿದೆ. ಹೊಂಡದೊಳಗೆ ತೇಲುವುದು ಸ್ಫ್ಯಾಗ್ನಮ್ ಕಸ್ಪಿಡೇಟಮ್. ನೀರಿನಲ್ಲಿ ಗರಿಯ ಹಾಗೆ ಚೆಂದ, ಕೈಯಲ್ಲಿ ಎತ್ತಿದರೆ ಮಳೆಯಲ್ಲಿ ತೊಯ್ದ ಬೆಕ್ಕಿನ ಮರಿ. ದಡದಲ್ಲಿ, ನೀರಿಗೆ ತಾಗಿ ತಾಗದ ಹಾಗೆ, ದಪ್ಪ ತಲೆಯ ಕಂದು ಹಳದಿ ಪ್ಯಾಪಿಲೋಸಮ್. ಇನ್ನೂ ಮೇಲೆ, ದಿಬ್ಬದಲ್ಲಿ, ಕೆಂಪು ಕ್ಯಾಪಿಲಿಫೋಲಿಯಮ್. ಎತ್ತರದ ಒಣ ದಿಬ್ಬಗಳಲ್ಲಿ ಫಸ್ಕಮ್. ಈ ಇಡೀ ಮೆಟ್ಟಿಲು ಎಷ್ಟೋ ಕಡೆ ಮೊಣಕಾಲಿನಷ್ಟು ಎತ್ತರವೂ ಇರುವುದಿಲ್ಲ!

ಹೊಂಡದ ಜಾತಿ ದಿಬ್ಬಕ್ಕೆ ಯಾಕೆ ಹತ್ತುವುದಿಲ್ಲ? ನೀರನ್ನು ಮೇಲೆಳೆದು ಹಿಡಿದಿಟ್ಟುಕೊಳ್ಳುವುದು ಅದಕ್ಕೆ ಗೊತ್ತಿಲ್ಲ, ಒಣಗಿಹೋಗುತ್ತದೆ. ದಿಬ್ಬದ ಜಾತಿಗಳ ರೆಂಬೆಗಳು ಒತ್ತೊತ್ತಾಗಿರುತ್ತವೆ, ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ನೀರು ಎಳೆಯುತ್ತವೆ. ತಮಾಷೆ ಅಂದರೆ ದಿಬ್ಬದ ಜಾತಿಯನ್ನು ತಂದು ತಗ್ಗಿನಲ್ಲಿ ನೆಟ್ಟರೆ ಅದು ಸಾಯುವುದಿಲ್ಲ. ಅಲ್ಲಿನ ವೇಗದ ಜಾತಿಗಳ ಜೊತೆ ಓಡಲಾಗದೆ ಸೋಲುತ್ತದೆ, ಅಷ್ಟೇ. ಸ್ವೀಡನ್ನಿನಲ್ಲಿ ಹಾವಸೆಯನ್ನು ಹೀಗೆ ಅದಲು ಬದಲು ನೆಟ್ಟು ನೋಡಿದ್ದಾರೆ.

ಉಳಿದ ಗಿಡಗಳು ಈ ಹಾವಸೆಯ ನಡುವೆ ಜಾಗ ಮಾಡಿಕೊಂಡವು. ಬಾಗ್‌ಬೀನ್ ದಪ್ಪ ಕಾಂಡವನ್ನು ನೀರಿನಲ್ಲಿ ಅಡ್ಡಡ್ಡ ಚಾಚುತ್ತದೆ, ಮೂರು ಮೂರು ಎಲೆ, ಅಂಚಿನಲ್ಲಿ ನೂಲು ಬಿಟ್ಟ ಬಿಳಿ ಹೂವು. ಪೀಟ್ ಕೆಸರು ಬರಿದಾಗಿ ಕಾಣುವ ತಗ್ಗುಗಳಲ್ಲಿ ಬಿಳಿ ತಲೆಯ ರಿಂಕೋಸ್ಪೋರಾ ಆಲ್ಬಾ ಎಂಬ ಜೇಕು. ಸಾರಜನಕ ಸಿಗದ ಈ ಊರಿನಲ್ಲಿ ಕೆಲವು ಬೇಟೆಗೆ ಇಳಿದಿವೆ. ಡ್ರಾಸೆರಾ ಅಂಟಿನ ಹನಿ ಹೊತ್ತು ಕಾಯುತ್ತದೆ. ದುಂಡೆಲೆಯದು ಹಾವಸೆಯ ದಿಬ್ಬದಲ್ಲಿ, ಉದ್ದೆಲೆಯ ಜಾತಿಗಳು ಹೊಂಡದ ಒದ್ದೆ ಅಂಚಿನಲ್ಲಿ. ಡಾರ್ವಿನ್ 1860ರ ಬೇಸಿಗೆಯಲ್ಲಿ ಸಸೆಕ್ಸಿನ ಬಯಲಿನಲ್ಲಿ ನೋಡಿ ಬೆರಗಾದದ್ದು ದುಂಡೆಲೆಯದನ್ನೇ. ನನಗೆ ಜಾಸ್ತಿ ಇಷ್ಟ ಯುಟ್ರಿಕುಲೇರಿಯಾ. ಬೇರೇ ಇಲ್ಲದ ಗಿಡ, ನೀರೊಳಗೆ ಸಣ್ಣ ಸಣ್ಣ ಚೀಲ. ಹುಳು ಬಾಗಿಲ ಕೂದಲು ಮುಟ್ಟಿತೋ, 1 ಮಿಲಿಸೆಕೆಂಡಿಗೂ ಕಡಿಮೆ ಹೊತ್ತಿನಲ್ಲಿ ಒಳಗೆ. ನೋಡಲು ಮೊಣಕಾಲೂರಿ ಕೂರಬೇಕು. ಪ್ಯಾಂಟ್ ಒದ್ದೆಯಾಗದೆ ಈ ಕೆಲಸ ಆಗುವುದಿಲ್ಲ.

ಬ್ರಿಟನ್ನಿನ ಸಸ್ಯ ವರ್ಗೀಕರಣದಲ್ಲಿ ಜೌಗಿನ ಹೊಂಡಗಳಿಗೆ ಮೂರು ಹೆಸರಿದೆ. ಎಂ1 ಅಟ್ಲಾಂಟಿಕ್ ಬದಿಯ ಮಳೆ ಸೀಮೆಯದು: ಡೆಂಟಿಕುಲೇಟಮ್ ಹಾವಸೆ, ಜೊತೆಗೆ ಬಾಗ್‌ಬೀನ್. ಎಂ2 ಮಳೆ ಸ್ವಲ್ಪ ಕಮ್ಮಿ ಇರುವ ಕಡೆಯದು, ಕಸ್ಪಿಡೇಟಮ್ಮಿನ ದಟ್ಟ ಹಾಸು. ಎಂ3 ಅಂದರೆ ಬರೀ ಪೀಟ್, ಅದರ ಮೇಲೆ ಹತ್ತಿ ಹುಲ್ಲು, ಹಾವಸೆ ಅಲ್ಲೊಂದು ಇಲ್ಲೊಂದು. ಎಂ1, ಎಂ2ರಲ್ಲಿ ನಾನು ಹೆಚ್ಚು ತಲೆ ಕೆಡಿಸಿಕೊಂಡಿಲ್ಲ. ಎಡವಿದ್ದು ಎಂ3ರಲ್ಲಿ.

ಒಮ್ಮೆ ಹಳೆ ಕಾಲುವೆಗಳನ್ನು ಮುಚ್ಚಿದ ಜೌಗೊಂದಕ್ಕೆ ಹೋಗಿದ್ದೆ. ಉತ್ತರ ಸ್ಕಾಟ್ಲೆಂಡಿನ ಫ್ಲೋ ಕಂಟ್ರಿಯಂಥ ಕಡೆಗಳಲ್ಲಿ ನೀರು ಬಸಿಯಲು ಹೀಗೆ ಮೈಲುಗಟ್ಟಲೆ ಕಾಲುವೆ ತೋಡಿದ್ದರು. ತೆರಿಗೆ ರಿಯಾಯಿತಿ ಸಿಗುತ್ತದೆ ಅಂತ ಪೈನ್, ಸ್ಪ್ರೂಸ್ ನೆಟ್ಟವರೂ ಇದ್ದರು. ಆ ರಿಯಾಯಿತಿ ನಿಂತದ್ದು 1988ರಲ್ಲಿ. ಅದೇ ಸೀಮೆ 2024ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು! ನಾನು ಹೋದ ಜೌಗಿನಲ್ಲಿ ಕಾಲುವೆಗೆ ಅಲ್ಲಲ್ಲಿ ಪೀಟಿನದೇ ಒಡ್ಡು ಹಾಕಿದ್ದರು. ಒಡ್ಡುಗಳ ನಡುವೆ ಹೊಂಡ, ಹೊಂಡದಲ್ಲಿ ಹತ್ತಿ ಹುಲ್ಲು. ನಾನು ಪುಸ್ತಕದ ಪ್ರಕಾರ ಬರೆದೆ: ಎಂ3, ಹಾಳಾದ ಮೇಲ್ಮೈ. ಜಾಗ ನೋಡಿಕೊಳ್ಳುವವರು ವರದಿ ಓದಿ ಕೇಳಿದರು: "ಇಲ್ಲಿ ಮೊದಲು ಏನೂ ಇರಲಿಲ್ಲ, ಬರೀ ಹರಿಯೋ ನೀರು. ಈಗ ಹಾಳಾಗಿದೆ ಅಂತೀರಲ್ಲ?"

ಅವರು ಹೇಳಿದ್ದು ಸರಿ ಇತ್ತು. ಎಂ3 ಎರಡು ಥರ ಹುಟ್ಟುತ್ತದೆ. ಒಂದು, ಒಳ್ಳೆಯ ಹೊಂಡ ಒಣಗಿ, ಹಾವಸೆ ಸತ್ತು, ಪೀಟ್ ಬಯಲಾದಾಗ. ಇನ್ನೊಂದು, ಬಯಲಾಗಿದ್ದ ಪೀಟಿಗೆ ನೀರು ವಾಪಸ್ ಬಂದಾಗ. ಎರಡರಲ್ಲೂ ಮುಂದೆ ಕಾಣುವುದು ಹತ್ತಿ ಹುಲ್ಲೇ. ಅದರ ಕಾಂಡ ಪೀಟಿನೊಳಗೆ ಉದ್ದಕ್ಕೆ ಹರಿದು ಹೋಗುತ್ತದೆ, ಕಾಂಡದೊಳಗಿನ ಪೊಳ್ಳಿನಿಂದ ಬೇರಿಗೆ ಗಾಳಿ ಇಳಿಯುತ್ತದೆ. ಹಾಗಾಗಿ ಕೆಟ್ಟ ದಿನಗಳಲ್ಲಿ ಅದು ಕೊನೆಗೆ ಉಳಿಯುತ್ತದೆ, ಒಳ್ಳೆ ದಿನ ಬಂದಾಗ ಮೊದಲು ಬರುತ್ತದೆ. ಗಿಡಗಳ ಪಟ್ಟಿ ನೋಡಿ ಇದು ಹೋಗುತ್ತಿರುವ ಜೌಗೋ, ಬರುತ್ತಿರುವ ಜೌಗೋ ಹೇಳಲಾಗುವುದಿಲ್ಲ. ಪಟ್ಟಿ ಒಂದೇ ಅಲ್ವಾ?

ಹಾಗಂತ ಪ್ರತಿ ಹೊಂಡವೂ ಎಲ್ಲಿಗೋ ಹೊರಟಿರಬೇಕು ಅಂದುಕೊಳ್ಳುವುದೂ ತಪ್ಪು. ಹೊಂಡ ತುಂಬಿ ದಿಬ್ಬವಾಗುತ್ತದೆ, ದಿಬ್ಬ ನಿಂತು ಮತ್ತೆ ಹೊಂಡವಾಗುತ್ತದೆ, ಹೀಗೆ ಚಕ್ರ ತಿರುಗುತ್ತಿರುತ್ತದೆ ಅಂತ 1910ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳಾದ ಫಾನ್ ಪೋಸ್ಟ್ ಮತ್ತು ಸೆರ್ನಾಂಡರ್ ಹೇಳಿದರು. ಕೇಳಲು ಎಷ್ಟು ಅಚ್ಚುಕಟ್ಟು! ದಶಕಗಟ್ಟಲೆ ಎಲ್ಲರೂ ಅದನ್ನೇ ಕಲಿಸಿದರು. ಆಮೇಲೆ ಪೀಟನ್ನು ಕಡಿದು, ಪದರ ಪದರವಾಗಿ ಯಾವ ಹಾವಸೆ ಇತ್ತು ಅಂತ ನೋಡಿದಾಗ ಚಕ್ರ ಸಿಗಲಿಲ್ಲ. ವಿಜ್ಞಾನಿ ಕೀತ್ ಬಾರ್ಬರ್ 1981ರಲ್ಲಿ ಇಂಗ್ಲೆಂಡಿನ ಕಂಬ್ರಿಯಾದ ಬೋಲ್ಟನ್ ಫೆಲ್ ಮಾಸ್ ಎಂಬ ಜೌಗಿನ ಬಗ್ಗೆ ತೋರಿಸಿದ್ದು ಇದನ್ನೇ: ಮಳೆ ಹೆಚ್ಚಿದ ಕಾಲದಲ್ಲಿ ತಗ್ಗುಗಳು ಹರಡುತ್ತವೆ, ಒಣ ಕಾಲದಲ್ಲಿ ಕುಗ್ಗುತ್ತವೆ. ಹವಾಮಾನ ಹೇಳಿದ ಹಾಗೆ ಕೇಳುತ್ತವೆ.

ಹಾಗಾಗಿ ಈಗ ನಾನು ಎಂ3 ಅಂತ ಬರೆದ ಮೇಲೆ ಬೂಟು ಬಿಚ್ಚುವುದಿಲ್ಲ. ಹತ್ತಿ ಹುಲ್ಲಿನ ಬುಡಕ್ಕೆ ಕೈ ಹಾಕುತ್ತೇನೆ. ಕಪ್ಪು ಕೆಸರಿನ ಮೇಲೆ ಒಣಗಿ ಬಿಳಿಚಿಕೊಂಡ ಹಳೆ ಹಾವಸೆ ಸಿಕ್ಕರೆ ಒಂದು ಕಥೆ. ಬುಡದ ಸುತ್ತ ಕಸ್ಪಿಡೇಟಮ್ಮಿನ ಹಸಿರು ಎಳೆಗಳು ಸುತ್ತಿಕೊಂಡಿದ್ದರೆ ಇನ್ನೊಂದು. ಗಾಳಿಯಲ್ಲಿ ಅಲೆ ಏಳುವ ದೊಡ್ಡ ಹೊಂಡದಲ್ಲಿ ಹಾವಸೆಗೆ ನಿಲ್ಲಲು ಆಸರೆ ಬೇಕು, ಆ ಆಸರೆಯನ್ನು ಹತ್ತಿ ಹುಲ್ಲೇ ಕೊಡುತ್ತದೆ. ಬೇಸಿಗೆ ಕೊನೆಯಲ್ಲಿ ಇನ್ನೊಮ್ಮೆ ಬಂದು ನೀರು ಎಷ್ಟು ಇಳಿದಿದೆ ನೋಡುತ್ತೇನೆ. ಒಂದೇ ಭೇಟಿಯಲ್ಲಿ ತೀರ್ಮಾನ ಕೇಳುವವರಿಗೆ ಇದು ಹಿಡಿಸುವುದಿಲ್ಲ, ಹಿಡಿಸದಿದ್ದರೆ ಬೇಡ.

ಆ ಕಾಲುವೆಗೆ ಆಮೇಲೆ ಮೂರು ಸಲ ಹೋದೆ. ಎರಡನೇ ಸಲಕ್ಕೆ ಕಸ್ಪಿಡೇಟಮ್ ನೀರಿನ ಅರ್ಧ ಭಾಗ ಮುಚ್ಚಿತ್ತು. ಮೂರನೇ ಸಲ ಒಡ್ಡಿನ ಪಕ್ಕದಲ್ಲಿ, ಹಳೆ ಹತ್ತಿ ಹುಲ್ಲಿನ ಬುಡದಲ್ಲಿ, ಮುಷ್ಟಿಯಷ್ಟು ದೊಡ್ಡ ಪ್ಯಾಪಿಲೋಸಮ್ ಗುಪ್ಪೆ ಕಂಡಿತು. ನೀರಿನಿಂದ ಮೂರು ಬೆರಳು ಮೇಲೆ.