ಹಾನ್‌ನ ಕೈ ಮತ್ತು ಅದರ ಎಟುಕು: ‘ಎಂಟರ್ ದ ಡ್ರ್ಯಾಗನ್’ ಚಿತ್ರದ ಖಳನನ್ನು ಅಭ್ಯಾಸ ಮಾಡುವ ಬಗೆ

ಸಿನಿಮಾ ಕಾಳಗವನ್ನು ಅಭ್ಯಾಸ ಮಾಡಲು ಕುಳಿತವರ ಕಣ್ಣು ಮೊದಲು ಹೋಗುವುದು ನಾಯಕನ ಕಡೆಗೆ. ನಾಯಕ ಬ್ರೂಸ್ ಲೀ ಆಗಿದ್ದರಂತೂ ಕಣ್ಣು ಬೇರೆ ಕಡೆ ತಿರುಗುವುದೇ ಕಷ್ಟ. ಆದರೆ ಹೊಡೆದಾಟ ಎಲ್ಲಿ ನಡೆಯಬೇಕು, ಎಷ್ಟು ಹೊತ್ತು ನಡೆಯಬೇಕು, ನಾಯಕ ಯಾವ ವಿದ್ಯೆಯನ್ನು ಹೊರತೆಗೆಯಬೇಕಾಗುತ್ತದೆ ಎಂಬುದೆಲ್ಲ ಖಳನನ್ನು ಹೇಗೆ ಕಟ್ಟಿದ್ದಾರೆ ಎಂಬುದರ ಮೇಲೆ ನಿಂತಿರುತ್ತದೆ. ಅದಕ್ಕಾಗಿ ಈ ಟಿಪ್ಪಣಿಗೆ 1973ರ ‘ಎಂಟರ್ ದ ಡ್ರ್ಯಾಗನ್’ ಚಿತ್ರದ ಹಾನ್‌ನನ್ನು ಆರಿಸಿಕೊಂಡಿದ್ದೇನೆ. ನಿರ್ದೇಶನ ರಾಬರ್ಟ್ ಕ್ಲೌಸ್ ಅವರದು, ಕಾಳಗ ಸಂಯೋಜನೆ ಬ್ರೂಸ್ ಲೀ ಅವರದೇ. ಚಿತ್ರ ಅಮೆರಿಕದಲ್ಲಿ ತೆರೆಗೆ ಬರುವ ಮೊದಲೇ, ಅದೇ ವರ್ಷದ ಜುಲೈ 20ರಂದು, ಲೀ ತೀರಿಕೊಂಡರು.

ಹಾನ್ ಬಗ್ಗೆ ಒಂದು ದೂರು ಮೊದಲಿನಿಂದಲೂ ಇದೆ. ಅವನು ಲೀಗೆ ಸರಿಸಾಟಿಯಲ್ಲ, ವಯಸ್ಸಾದವನು, ಕೊನೆಯ ಕಾಳಗ ಏಕಪಕ್ಷೀಯ ಎನ್ನುತ್ತಾರೆ. ಮೊದಲೆರಡು ಮಾತು ನಿಜ. ಮೂರನೆಯದನ್ನು ನಾನು ಒಪ್ಪುವುದಿಲ್ಲ. ಸರಿಸಾಟಿಯಲ್ಲದ ಇಬ್ಬರ ನಡುವೆ ಪ್ರೇಕ್ಷಕನಿಗೆ ನಿಜವಾದ ಆತಂಕ ಹುಟ್ಟುವಂತೆ ಮಾಡುವುದು ಹೇಗೆ ಎಂಬ ಕಠಿಣ ಸಮಸ್ಯೆಯನ್ನು ಈ ಚಿತ್ರ ಬಿಡಿಸಿರುವ ರೀತಿಯಲ್ಲೇ ಕಲಿಯುವವರಿಗೆ ಬೇಕಾದ ಪಾಠವಿದೆ.

ಅರವತ್ತರ ಖಳ, ಮೂವತ್ತೆರಡರ ನಾಯಕ

ಹಾನ್ ಪಾತ್ರ ಮಾಡಿದ ಶಿಹ್ ಕಿಯೆನ್ ಹುಟ್ಟಿದ್ದು 1913ರಲ್ಲಿ. ಚಿತ್ರೀಕರಣದ ಹೊತ್ತಿಗೆ ಅವರಿಗೆ ಅರವತ್ತು, ಲೀಗೆ ಮೂವತ್ತೆರಡು. ಹಾಂಗ್‌ಕಾಂಗ್ ಪ್ರೇಕ್ಷಕರಿಗೆ ಈ ಮುಖ ಹೊಸದಲ್ಲ. 1949ರಲ್ಲಿ ಶುರುವಾದ ವಾಂಗ್ ಫೇ ಹಂಗ್ ಚಿತ್ರಮಾಲೆಯಲ್ಲಿ ಕ್ವಾನ್ ತಕ್ ಹಿಂಗ್ ನಾಯಕನಾದರೆ ಎದುರು ನಿಲ್ಲುತ್ತಿದ್ದ ಖಳ ಇವರೇ. ಎರಡು ತಲೆಮಾರು ಇವರನ್ನು ಕೇಡಿಗನಾಗಿಯೇ ಕಂಡಿತ್ತು. ಬರೀ ನಟರೂ ಅಲ್ಲ: ಯೌವನದಲ್ಲಿ ಜಿಂಗ್ ವು ಎಂಬ ಕಾಳಗ ವಿದ್ಯೆಯ ಸಂಸ್ಥೆಯಲ್ಲಿ ಕಲಿತವರು, ಗರುಡನ ಪಂಜದ ವರಸೆಯಲ್ಲೂ ಚೋಯ್ ಲೀ ಫಟ್ ಎಂಬ ಚೀನೀ ಕಾಳಗ ಪದ್ಧತಿಯಲ್ಲೂ ಪಳಗಿದವರು. ಹಾನ್ ಕಾಲು ಊರಿ ನಿಲ್ಲುವ ರೀತಿಯನ್ನು ಗಮನಿಸಿ. ಸೊಂಟ ತಗ್ಗಿರುತ್ತದೆ, ತೋಳು ಅಗಲವಾಗಿ ಬೀಸುತ್ತದೆ, ಹೆಜ್ಜೆಯಲ್ಲಿ ಹಳೆಯ ಶಾಲೆಯ ಬಿಗಿ ಇದೆ. ಎದುರಿಗಿರುವ ಲೀ ಹಗುರವಾಗಿ, ಒಂದು ಪಕ್ಕಕ್ಕೆ ತಿರುಗಿ, ಹಿಮ್ಮಡಿ ಎತ್ತಿ ನಿಂತಿರುತ್ತಾರೆ. ಇಬ್ಬರ ನಿಲುವಿನಲ್ಲೇ ಎರಡು ಕಾಲ ಎದುರುಬದುರಾಗಿವೆ.

ಇಂಗ್ಲಿಷ್ ಪ್ರತಿಯಲ್ಲಿ ಹಾನ್‌ಗೆ ದನಿ ಕೊಟ್ಟವರು ಬೇರೊಬ್ಬ ನಟ, ಕೀ ಲ್ಯೂಕ್. ಏರಿಳಿತವಿಲ್ಲದ, ಸಭ್ಯ ಮೇಷ್ಟರ ದನಿ ಅದು. ಕೊಲ್ಲುವ ಮುನ್ನವೂ ಅದು ಗಡುಸಾಗುವುದಿಲ್ಲ.

ಕಥೆಯೊಳಗೆ ಹಾನ್ ಶಾವೊಲಿನ್‌ನಲ್ಲಿ ಕಲಿತು ಆ ಮಠಕ್ಕೆ ದ್ರೋಹ ಬಗೆದವನು. ಸ್ವಂತ ದ್ವೀಪದಲ್ಲಿ ಕೋಟೆ ಕಟ್ಟಿಕೊಂಡು ಮೂರು ವರ್ಷಕ್ಕೊಮ್ಮೆ ಕಾಳಗದ ಪಂದ್ಯ ನಡೆಸುತ್ತಾನೆ. ಅದರ ಮರೆಯಲ್ಲಿ ಅಫೀಮಿನ ವ್ಯಾಪಾರ, ಹೆಣ್ಣುಮಕ್ಕಳ ಮಾರಾಟ. ಇದನ್ನು ಬಯಲಿಗೆಳೆಯಲು ಪಂದ್ಯಾಳುವಾಗಿ ಅಲ್ಲಿಗೆ ಹೋಗುವುದು ಲೀ; ಚಿತ್ರದಲ್ಲಿ ಅವರ ಪಾತ್ರದ ಹೆಸರೂ ಲೀ.

ಉಕ್ಕಿನ ಕೈ

ಹಾನ್‌ಗೆ ಒಂದು ಕೈಯಿಲ್ಲ. ಆ ಜಾಗದಲ್ಲಿ ಲೋಹದ ಕೈ ಇದೆ, ಮೇಲೆ ಕೈಗವಸು. ಚಿತ್ರದ ಅರ್ಧದಷ್ಟು ಹೊತ್ತು ಪ್ರೇಕ್ಷಕನಿಗೆ ಇದರ ಸುಳಿವು ಮಾತ್ರ ಸಿಗುತ್ತದೆ. ಗುಟ್ಟು ಬಯಲಾಗುವುದು ವಿಲಿಯಮ್ಸ್ ಜೊತೆಗಿನ ಕಾಳಗದಲ್ಲಿ. ಜಿಮ್ ಕೆಲ್ಲಿ ಮಾಡಿದ ಈ ವಿಲಿಯಮ್ಸ್ ಪಂದ್ಯಕ್ಕೆ ಬಂದ ಅಮೆರಿಕನ್, ಎತ್ತರದ ಆಳು, ಕರಾಟೆಯಲ್ಲಿ ನುರಿತವನು, ವಯಸ್ಸಿನಲ್ಲಿ ಹಾನ್‌ನ ಅರ್ಧಕ್ಕಿಂತ ಕಡಿಮೆ. ಹಾನ್‌ನ ಮುಖದೆದುರೇ ನಕ್ಕು ಹೊರಡಲು ನೋಡುತ್ತಾನೆ. ಕಾವಲುಗಾರರನ್ನು ಸದೆಬಡಿಯುತ್ತಾನೆ. ಆಮೇಲೆ ಹಾನ್‌ನ ಕೈ ಬೀಳುತ್ತದೆ.

ಈ ದೃಶ್ಯವನ್ನು ಒಮ್ಮೆ ಕಣ್ಣು ಮುಚ್ಚಿ ಕೇಳಿಸಿಕೊಳ್ಳಿ. ಉಳಿದ ಕಾಳಗಗಳಲ್ಲಿ ಕೇಳುವ ಗುದ್ದಿನ ಸದ್ದಿಗೂ ಇಲ್ಲಿನ ಸದ್ದಿಗೂ ವ್ಯತ್ಯಾಸವಿದೆ. ಒಳಗೆ ಮಾಂಸ ಮೂಳೆ ಇಲ್ಲ ಎಂಬುದನ್ನು ಕಣ್ಣಿಗಿಂತ ಮೊದಲು ಕಿವಿ ತಿಳಿಯುತ್ತದೆ. ವಿಲಿಯಮ್ಸ್ ತಡೆಯಲು ತೋಳು ಒಡ್ಡಿದಾಗ ತಡೆದವನಿಗೇ ಪೆಟ್ಟಾಗುತ್ತದೆ. ಬರಿಗೈ ಕಾಳಗದ ಮೂಲ ಲೆಕ್ಕವೇ ಇಲ್ಲಿ ಮುರಿದುಬೀಳುತ್ತದೆ. ಗುದ್ದಿದವನ ಮುಷ್ಟಿಗೂ ನೋವಾಗುತ್ತದೆ, ಬೆರಳ ಮೂಳೆ ಮುರಿಯಬಹುದು, ಹಾಗಾಗಿ ಯಾರೂ ಎದುರಾಳಿಯ ತಲೆಬುರುಡೆಗೆ ಕಣ್ಣುಮುಚ್ಚಿ ಹೊಡೆಯುವುದಿಲ್ಲ. ಹಾನ್‌ಗೆ ಆ ಅಂಜಿಕೆಯಿಲ್ಲ. ಅರವತ್ತರ ಮುದುಕ ಮೂವತ್ತರೊಳಗಿನ ಪಟುವನ್ನು ಬಡಿದು ಕೊಲ್ಲುವುದು ನಂಬುವಂತಾಗುವುದು ಈ ಒಂದು ಕಾರಣದಿಂದ.

ಇದೇ ಕೈಗೆ ಕೊರತೆಗಳೂ ಇವೆ, ಅವನ್ನು ಬರೆದುಕೊಳ್ಳದೆ ಅಭ್ಯಾಸ ಪೂರ್ತಿಯಾಗುವುದಿಲ್ಲ. ಲೋಹದ ಬೆರಳು ಹಿಡಿಯುವುದಿಲ್ಲ. ಮಣಿಕಟ್ಟು ತಿರುಗುವುದಿಲ್ಲ. ಎದುರಾಳಿಯ ಬಟ್ಟೆ ಹಿಡಿದೆಳೆದು ಕೆಡಹುವುದು, ಕೀಲು ತಿರುಚುವುದು, ಕತ್ತು ಅಮುಕುವುದು, ಇವೆಲ್ಲವೂ ಆ ಕೈಗೆ ಸಲ್ಲದ ಪಟ್ಟುಗಳು. ಗರುಡನ ಪಂಜದ ವರಸೆಯ ಜೀವವೇ ಹಿಡಿತ ಎಂಬುದನ್ನು ನೆನೆದರೆ, ಆ ವರಸೆ ಬಲ್ಲ ನಟನೊಬ್ಬ ಹಿಡಿತವಿಲ್ಲದ ಕೈಯಿಂದ ಕಾದಾಡುವ ಪಾತ್ರ ಮಾಡಿರುವುದು ನನಗೆ ತುಂಬ ಕುತೂಹಲದ ಸಂಗತಿಯಾಗಿ ಕಾಣುತ್ತದೆ. ಹಿಡಿಯಲಾಗದ್ದನ್ನು ಹಾನ್ ಸೀಳುವುದರಿಂದ ತುಂಬಿಕೊಳ್ಳುತ್ತಾನೆ.

ಆದ್ದರಿಂದ ಬರುತ್ತವೆ ಬದಲಿ ಕೈಗಳು. ಕೊನೆಯ ಕಾಳಗದಲ್ಲಿ ಅವನು ಲೋಹದ ಕೈ ಕಳಚಿ ಕಬ್ಬಿಣದ ಉಗುರುಗಳ ಪಂಜವೊಂದನ್ನು ತೊಡುತ್ತಾನೆ. ಮುಂದೆ ಅದೂ ಹೋಗಿ ಅಲಗುಗಳುಳ್ಳ ಕೈ ಬರುತ್ತದೆ.

ಕೈಗೆ ತೊಡುವ ಆಯುಧಗಳು ಕನ್ನಡ ಓದುಗರಿಗೆ ಅಪರಿಚಿತವಲ್ಲ. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ವಜ್ರಮುಷ್ಟಿ ಕಾಳಗದಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ಮೊನೆಯುಳ್ಳ ಮುಷ್ಟಿ ತೊಟ್ಟು ಸೆಣಸುತ್ತಾರೆ. ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯುತ್ತದೆ. ಇನ್ನೊಂದು ವ್ಯಾಘ್ರನಖ. 1659ರಲ್ಲಿ ಪ್ರತಾಪಗಡದ ಬುಡದಲ್ಲಿ ಬಿಜಾಪುರದ ಸೇನಾನಿ ಅಫ್ಜಲ್ ಖಾನನ ಮೇಲೆ ಶಿವಾಜಿ ಅದನ್ನು ಪ್ರಯೋಗಿಸಿದ ಕಥೆ ಎಲ್ಲರಿಗೂ ಗೊತ್ತು. ಆ ಕಥೆಯಲ್ಲಿ ಅದು ಕೆಲಸ ಮಾಡಿದ್ದು ಆಲಿಂಗನದ ಅಂತರದಲ್ಲಿ. ಈ ಎರಡೂ ಉದಾಹರಣೆ ಒಂದೇ ಮಾತನ್ನು ತಿಳಿಸುತ್ತವೆ: ಉಗುರಿನಂಥ ಆಯುಧಕ್ಕೆ ಎಟುಕು ಕಡಿಮೆ. ಎದುರಾಳಿ ತೋಳಳತೆಯೊಳಗೆ ಬರಬೇಕು, ಬಂದು ನಿಲ್ಲಬೇಕು. ಬೀಸಿ ಗೀರುವಾಗ ಆಗುವ ಗಾಯ ಉದ್ದವಾಗಿರುತ್ತದೆ, ಆಳವಾಗಿರುವುದಿಲ್ಲ. ರಕ್ತ ಹರಿಯುತ್ತದೆ, ಪ್ರಾಣ ಕೂಡಲೇ ಹೋಗುವುದಿಲ್ಲ.

ಲೀಯ ಮೈಮೇಲೆ ಮೂಡುವ ಗೀರುಗಳನ್ನು ಈ ಕಣ್ಣಿನಿಂದ ನೋಡಿ. ಎದೆಯ ಮೇಲೆ, ಹೊಟ್ಟೆಯ ಮೇಲೆ, ಕೆನ್ನೆಯ ಮೇಲೆ ಸಾಲು ಗೀರು. ಒಂದೂ ಅವರನ್ನು ನಿಲ್ಲಿಸುವುದಿಲ್ಲ. ಲೀ ತಮ್ಮ ರಕ್ತವನ್ನೇ ಬೆರಳಿನಿಂದ ಮುಟ್ಟಿ ನಾಲಿಗೆಗೆ ತಾಗಿಸಿ ನೋಡುತ್ತಾರೆ. ಜನ ಆ ಗಳಿಗೆಯನ್ನು ಕೋಪದ ಗುರುತೆಂದು ಓದುತ್ತಾರೆ. ಅದರ ಜೊತೆಗೆ ಗಾಯದ ಆಳವನ್ನು ಅಳೆದ ಕಸುಬುದಾರನ ನಿರ್ಧಾರವೂ ನನಗೆ ಅಲ್ಲಿ ಕಾಣುತ್ತದೆ. ಮರುಕ್ಷಣ ಅವರು ಮುನ್ನುಗ್ಗುತ್ತಾರೆ.

ಅಂತರವನ್ನು ನಿಗದಿ ಮಾಡುವವನು

ಎಟುಕು ಕಡಿಮೆಯಿರುವ ಆಯುಧದವನಿಗೆ ಜೀವನವಿಡೀ ಒಂದೇ ಚಿಂತೆ: ಎದುರಿನವನನ್ನು ಹತ್ತಿರ ಬರಿಸುವುದು ಹೇಗೆ, ದೂರದಿಂದ ಹೊಡೆಯುವವನನ್ನು ತಡೆಯುವುದು ಹೇಗೆ. ಹಾನ್ ಕಟ್ಟಿಕೊಂಡ ಲೋಕವನ್ನೆಲ್ಲ ಈ ಚಿಂತೆಯ ಉತ್ತರವೆಂದು ಓದಿದರೆ ಬಿಡಿಬಿಡಿಯಾಗಿ ಕಾಣುತ್ತಿದ್ದ ಸಂಗತಿಗಳು ಕೂಡಿಕೊಳ್ಳುತ್ತವೆ.

ದ್ವೀಪದಲ್ಲಿ ಬಂದೂಕಿಲ್ಲ. ಲೀಯನ್ನು ಕೆಲಸಕ್ಕೆ ಒಪ್ಪಿಸಲು ಬಂದ ಬ್ರಿಟಿಷ್ ಗುಪ್ತಚರ ಅಧಿಕಾರಿಯೊಡನೆ ಈ ಪ್ರಶ್ನೆ ನೇರವಾಗಿಯೇ ಚರ್ಚೆಯಾಗುತ್ತದೆ: ಯಾರಾದರೂ ಪಿಸ್ತೂಲು ಹಿರಿದು ವ್ಯವಹಾರ ಮುಗಿಸಬಾರದೇಕೆ? ಚಿತ್ರಕಥೆಗೆ ಇದು ಅನುಕೂಲದ ನಿಯಮ, ಅದಿಲ್ಲದೆ ಕಾಳಗದ ಚಿತ್ರವೇ ಇಲ್ಲ. ಆದರೆ ಹಾನ್‌ನ ದೃಷ್ಟಿಯಿಂದ ಅದು ಆತ್ಮರಕ್ಷಣೆ. ಬಂದೂಕು ಬಂದರೆ ಅವನ ಕೈಗೆ ಬೆಲೆಯಿಲ್ಲ.

ಎರಡನೆಯದು ಆಳುಗಳು. ಓಹಾರಾ ಮತ್ತು ಬೋಲೋ ಹಾನ್‌ನ ಬಲದ ವಿಸ್ತರಣೆಗಳು. ಬೋಲೋನದು ಶುದ್ಧ ದೇಹಬಲ. ರಾತ್ರಿ ಕಾವಲಿನಲ್ಲಿ ಸೋತವರನ್ನು ಎಲ್ಲರ ಕಣ್ಣೆದುರು ಅವನ ಕೈಯಿಂದಲೇ ಕೊಲ್ಲಿಸುತ್ತಾನೆ ಹಾನ್. ಓಹಾರಾನದು ಒರಟು ಪ್ರತಿಷ್ಠೆ, ಸೋತಾಗ ಒಡೆದ ಬಾಟಲಿ ಎತ್ತಿಕೊಳ್ಳುವ ಮಟ್ಟದ್ದು.

ಮೂರನೆಯದನ್ನು ನಾನು ಹಾನ್‌ನ ಅತ್ಯುತ್ತಮ ವಿದ್ಯೆ ಎಂದು ಎಣಿಸುತ್ತೇನೆ: ಮನುಷ್ಯರನ್ನು ಅಳೆಯುವುದು. ಜಾನ್ ಸ್ಯಾಕ್ಸನ್ ಮಾಡಿದ ರೋಪರ್ ಪಂದ್ಯಕ್ಕೆ ಬಂದ ಇನ್ನೊಬ್ಬ, ಸಾಲಗಾರ, ಜೂಜುಕೋರ. ಹಾನ್ ಅವನನ್ನು ಹಳೆಯ ಹಿಂಸಾಯಂತ್ರಗಳನ್ನಿಟ್ಟ ತನ್ನ ಸಂಗ್ರಹಾಲಯಕ್ಕೆ ಕರೆದೊಯ್ದು, ತಲೆ ಕಡಿಯುವ ಯಂತ್ರದ ಕೆಳಗೆ ಬಿಳಿ ಬೆಕ್ಕೊಂದನ್ನು ಇಡುತ್ತಾನೆ. ರೋಪರ್ ಬೆಕ್ಕನ್ನು ಉಳಿಸುತ್ತಾನೆ. ಒಂದೇ ಒಂದು ಪೆಟ್ಟೂ ಇಲ್ಲದೆ ಹಾನ್ ಎದುರಾಳಿಯ ಮಿತಿ ಎಲ್ಲಿದೆ ಎಂದು ತಿಳಿದುಕೊಂಡಿದ್ದಾನೆ. ಕಾಳಗದ ಟಿಪ್ಪಣಿ ಮಾಡುವವರು ಈ ದೃಶ್ಯವನ್ನು ಮಾತಿನ ದೃಶ್ಯವೆಂದು ಬಿಟ್ಟುಬಿಡುತ್ತಾರೆ, ದಯವಿಟ್ಟು ಬಿಡಬೇಡಿ. ಇಷ್ಟಾದರೂ ಹಾನ್ ತಪ್ಪು ಲೆಕ್ಕ ಹಾಕಿದ. ದುಡ್ಡಿನ ಆಸೆ ತೋರಿಸಿದರೆ ರೋಪರ್ ಲೀಯೊಡನೆ ಕಾದಾಡುತ್ತಾನೆಂದು ನಂಬಿದ್ದ. ರೋಪರ್ ಒಪ್ಪಲಿಲ್ಲ, ಬದಲಿಗೆ ಕಳಿಸಿದ ಬೋಲೋ ಸತ್ತ. ಅಂಗಳದಲ್ಲಿ ಎಲ್ಲವೂ ಕೈಮೀರಿತು. ಹಾನ್ ಓಡಿದ್ದು ಅದೇ ಸಂಗ್ರಹಾಲಯಕ್ಕೆ.

ಕೊನೆಯ ಕಾಳಗ

ಇದನ್ನು ಎರಡು ಭಾಗವಾಗಿ ನೋಡಬೇಕು. ಸಂಗ್ರಹಾಲಯದಲ್ಲಿ ಬೆಳಕಿದೆ, ಜಾಗವಿದೆ. ಅಲ್ಲಿ ಲೀಯ ಕಾಲು ಮಾತಾಡುತ್ತದೆ. ಕಾಲಿನ ಎಟುಕು ತೋಳಿಗಿಂತ ಹೆಚ್ಚು; ಪಂಜ ಸೇರಿಸಿಕೊಂಡರೂ ಹಾನ್‌ನ ತೋಳು ಆ ಒದೆಯನ್ನು ದಾಟಿ ಒಳಗೆ ಬರಲಾರದು. ಲೀ ಪಕ್ಕಕ್ಕೆ ತಿರುಗಿ ಒದೆಯುತ್ತಾರೆ, ಹಾನ್ ಹಾರಿಬೀಳುತ್ತಾನೆ, ಏಳುತ್ತಾನೆ, ಮತ್ತೆ ಅದೇ. ಏಕಪಕ್ಷೀಯ ಎಂಬ ದೂರು ಹುಟ್ಟಿದ್ದು ಇಲ್ಲಿ. ಹಾನ್‌ಗೂ ಅದು ಅರ್ಥವಾಗಿದೆ. ಅದಕ್ಕೇ ಅವನು ಈಟಿಯ ಮೊರೆ ಹೋಗುತ್ತಾನೆ. ಇಡೀ ಚಿತ್ರದಲ್ಲಿ ಹಾನ್‌ನ ಕೈಗೆ ಸಿಕ್ಕ ಉದ್ದದ ಆಯುಧ ಇದೊಂದೇ, ಕಾಲಿಗೆ ಉತ್ತರ ಕೊಡಬಲ್ಲ ಒಂದೇ ಆಯುಧ. ಅದನ್ನು ಹಿಡಿದು ಲೀಯನ್ನು ದೂರವಿಟ್ಟಿದ್ದರೆ ಕಾಳಗದ ದಾರಿ ಬೇರೆಯಾಗುತ್ತಿತ್ತೇನೋ. ಅವನು ಎಸೆದುಬಿಡುತ್ತಾನೆ. ಈಟಿ ತಿರುಗುವ ಬಾಗಿಲೊಂದನ್ನು ತೂರಿ ಅಲ್ಲಿಯೇ ನಿಲ್ಲುತ್ತದೆ, ಹಾನ್ ಬಾಗಿಲಾಚೆ ಮರೆಯಾಗುತ್ತಾನೆ.

ಆಚೆ ಕನ್ನಡಿಗಳ ಕೋಣೆ. ಇಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಒದೆಯಬೇಕಾದರೆ ಎದುರಾಳಿ ಎಲ್ಲಿದ್ದಾನೆಂದು ಗೊತ್ತಿರಬೇಕು. ಕನ್ನಡಿಯಲ್ಲಿ ಹತ್ತು ಹಾನ್‌ಗಳಿದ್ದಾಗ ಲೀಯ ಕಾಲಿನ ಎಟುಕಿಗೆ ಬೆಲೆಯಿಲ್ಲ. ಹಾನ್‌ಗಾದರೋ ತಾನಿರುವ ಮೂಲೆ ಗೊತ್ತು. ಬೆನ್ನ ಹಿಂದಿನಿಂದ ತೋಳಳತೆಯೊಳಗೆ ಬಂದು, ಗೀರಿ, ಮಾಯವಾಗುತ್ತಾನೆ. ಆಳವಿಲ್ಲದ ಗಾಯ ಮಾಡುವ ಆಯುಧಕ್ಕೆ ಸಮಯ ಬೇಕು, ಗುರಿ ತಿಳಿಯದೆ ತಡಕಾಡುವ ಎದುರಾಳಿ ಬೇಕು. ಕೋಣೆ ಎರಡನ್ನೂ ಒದಗಿಸುತ್ತದೆ. ಪಂಜ ಮತ್ತು ಕನ್ನಡಿ ಒಂದೇ ಆಯುಧದ ಎರಡು ಭಾಗಗಳೆಂದು ನಾನು ಓದುವುದು ಈ ಕಾರಣಕ್ಕೆ.

ಕನ್ನಡಿ ಕೋಣೆಯ ಕೊನೆಗಾಳಗ ಸಿನಿಮಾದಲ್ಲಿ ಇದೇ ಮೊದಲಲ್ಲ. 1947ರಲ್ಲಿ ಆರ್ಸನ್ ವೆಲ್ಸ್ ‘ದ ಲೇಡಿ ಫ್ರಮ್ ಶಾಂಘೈ’ ಚಿತ್ರವನ್ನು ಕನ್ನಡಿಗಳ ನಡುವೆ ಗುಂಡಿನ ಕಾಳಗದಲ್ಲಿ ಮುಗಿಸಿದ್ದರು. ಅಲ್ಲಿ ದೂರ ನಿಂತು ಗುಂಡು ಹಾರಿಸಿ ಗಾಜು ಒಡೆಯುತ್ತಾರೆ. ಇಲ್ಲಿ ಬಂದೂಕಿಲ್ಲದ ದ್ವೀಪ, ಆದ್ದರಿಂದ ಲೀ ಪ್ರತಿ ಕನ್ನಡಿಯ ಹತ್ತಿರ ಹೋಗಿ ಕೈಯಿಂದಲೇ ಒಡೆಯಬೇಕು. ಹಾಗೆ ಒಡೆಯುವ ಯೋಚನೆ ಬರುವುದು ಶಾವೊಲಿನ್ ಮಠದ ಗುರುವಿನ ಮಾತು ನೆನಪಾದಾಗ: ಶತ್ರು ಬಿಂಬಗಳ ಹಿಂದೆ ಅಡಗಿದ್ದಾನೆ, ಬಿಂಬವನ್ನು ಒಡೆದರೆ ಶತ್ರುವೂ ಮುರಿಯುತ್ತಾನೆ ಎಂಬರ್ಥದ ಮಾತು. ಅಭ್ಯಾಸ ಮಾಡುವವರಿಗೆ ಒಂದು ಎಚ್ಚರಿಕೆ. ಗುರುವಿನೊಡನೆ ಲೀ ನಡೆಸುವ ಸಂಭಾಷಣೆ 1973ರ ಅಮೆರಿಕನ್ ಪ್ರತಿಯಲ್ಲಿ ಇರಲಿಲ್ಲ, 1998ರ ಮರುಬಿಡುಗಡೆಯಲ್ಲಿ ಸೇರಿತು. ನೀವು ನೋಡುತ್ತಿರುವುದು ಯಾವ ಪ್ರತಿ ಎಂದು ಮೊದಲೇ ಖಚಿತಪಡಿಸಿಕೊಳ್ಳಿ. ಆ ಮಾತಿಲ್ಲದ ಪ್ರತಿಯಲ್ಲಿ ಕನ್ನಡಿ ಒಡೆಯುವುದು ಲೀಯ ಸ್ವಂತ ಯುಕ್ತಿಯಾಗಿ ಕಾಣುತ್ತದೆ, ಇರುವ ಪ್ರತಿಯಲ್ಲಿ ಹಾನ್ ಬಿಟ್ಟುಹೋದ ಮಠದ ವಿದ್ಯೆಯೇ ಅವನನ್ನು ಹಿಡಿದುಹಾಕಿದಂತೆ ಕಾಣುತ್ತದೆ. ಎರಡನೆಯದು ನನಗೆ ಹೆಚ್ಚು ಇಷ್ಟ.

ಒಡೆದ ಕನ್ನಡಿಯಲ್ಲಿ ಬಿಂಬ ಚೂರಾಗುತ್ತದೆ, ನಿಜವಾದ ಮೈ ಇಡಿಯಾಗಿ ಉಳಿಯುತ್ತದೆ. ಅಷ್ಟು ಗುರುತು ಸಾಕು. ಲೀಗೆ ಅಂತರ ಮರಳಿ ಸಿಗುತ್ತದೆ, ಅದರೊಡನೆ ಕಾಲೂ. ಒಂದೇ ಒದೆಗೆ ಹಾನ್ ಹಿಂದಕ್ಕೆ ಹೋಗಿ, ತಾನೇ ಎಸೆದು ಬಂದಿದ್ದ ಈಟಿಯ ಮೊನೆಗೆ ಸಿಕ್ಕಿಕೊಳ್ಳುತ್ತಾನೆ. ಬಾಗಿಲು ಅವನನ್ನು ಹೊತ್ತು ತಿರುಗುತ್ತದೆ.

ಅಭ್ಯಾಸಕ್ಕೆ ಕುಳಿತಾಗ ಈ ಕೊನೆಯ ಭಾಗವನ್ನು ಸದ್ದು ನಿಲ್ಲಿಸಿ, ಹಾನ್‌ನ ಪಾದಗಳನ್ನು ಮಾತ್ರ ನೋಡುತ್ತಾ ಒಮ್ಮೆ ಓಡಿಸಿ. ಸಂಗ್ರಹಾಲಯದಲ್ಲಿ ಅವನು ಎಷ್ಟು ಸಲ ಹಿಂದೆ ಸರಿಯುತ್ತಾನೆ, ಕನ್ನಡಿಗಳ ನಡುವೆ ಎಷ್ಟು ಸಲ ಮುಂದೆ ಬರುತ್ತಾನೆ ಎಂದು ಗುರುತು ಹಾಕಿಕೊಳ್ಳಿ. ಆಮೇಲೆ ಅದೇ ಕ್ರಮದಲ್ಲಿ ವಿಲಿಯಮ್ಸ್ ಸಾಯುವ ದೃಶ್ಯವನ್ನು ನೋಡಿ. ಅಲ್ಲಿ ಹಿಂದೆ ಸರಿಯುವವನು ವಿಲಿಯಮ್ಸ್.