ಚಿನ್ನದ ಅಡೆಲೆ: ಕಾಗದಪತ್ರಗಳಲ್ಲೇ ನಡೆದ ಒಂದು ಕಳವು

ಆಸ್ಟ್ರಿಯಾದ ಚಿತ್ರಕಾರ ಗುಸ್ತಾವ್ ಕ್ಲಿಮ್ಟ್ ಬರೆದ ಅಡೆಲೆ ಬ್ಲೋಖ್-ಬಾವರ್ ಅವರ ಮೊದಲ ಭಾವಚಿತ್ರದ ಬಗ್ಗೆ ಓದಿದ ಹೆಚ್ಚಿನವರ ತಲೆಯಲ್ಲಿ ಉಳಿಯುವುದು ಎರಡೇ ಸಂಗತಿ. ಚಿತ್ರದಲ್ಲಿ ಚಿನ್ನ ಇದೆ, ಅದನ್ನು ನಾಜಿಗಳು ದೋಚಿದರು. ಎರಡೂ ನಿಜವೇ. ಆದರೆ ಪರೀಕ್ಷೆಯಲ್ಲಿ ಉತ್ತರ ಬರೆಯುವಾಗ ಅಷ್ಟು ಸಾಲದು. ಈ ಚಿತ್ರ ಮನೆಯಿಂದ ಮ್ಯೂಸಿಯಂಗೆ ಹೋದದ್ದು ಒಬ್ಬ ವಕೀಲನ ಪತ್ರದ ಮೂಲಕ. ಎಲ್ಲವೂ ಕಾಗದದ ಮೇಲೆ ಸರಿಯಾಗಿ ಇದ್ದಂತೆ ಕಾಣುತ್ತಿತ್ತು. ಆಸ್ಟ್ರಿಯಾ ಸರ್ಕಾರ ಅಷ್ಟು ವರ್ಷ ಇದು ನಮ್ಮದೇ ಎಂದು ವಾದಿಸಿದ್ದೂ ಅದೇ ಕಾರಣಕ್ಕೆ. ಆ ಕಾಗದಗಳ ತಾರೀಕುಗಳನ್ನು ಸರಿಯಾಗಿ ಹಿಡಿದರೆ ಗೊಂದಲ ಬಹುಪಾಲು ಕರಗುತ್ತದೆ.

ಮೊದಲು ಚಿತ್ರ ನೋಡೋಣ

ಉದ್ದ, ಅಗಲ ಎರಡೂ ಸುಮಾರು 138 ಸೆಂ.ಮೀ., ಅಂದರೆ ಪೂರ್ತಿ ಚೌಕ. ಅಡೆಲೆಯವರ ಪತಿ ಫರ್ಡಿನಂಡ್ 1903ರಲ್ಲಿ ಈ ಚಿತ್ರ ಬರೆಯಲು ಹೇಳಿದರು. ಮುಗಿದದ್ದು 1907ರಲ್ಲಿ. ಇದಕ್ಕಾಗಿ ಕ್ಲಿಮ್ಟ್ ನೂರಕ್ಕೂ ಹೆಚ್ಚು ರೇಖಾಚಿತ್ರ ಮಾಡಿಕೊಂಡರು. ಅವರ ತಂದೆ ಚಿನ್ನದ ಮೇಲೆ ಕೆತ್ತನೆ ಮಾಡುವ ಕಸುಬಿನವರು, ಹಾಗಾಗಿ ಆ ಲೋಹ ಮಗನಿಗೆ ಹೊಸದೇನಲ್ಲ. 1903ರಲ್ಲೇ ಕ್ಲಿಮ್ಟ್ ಇಟಲಿಯ ರವೆನ್ನಾಕ್ಕೆ ಹೋಗಿ ಸಾನ್ ವಿತಾಲೆ ಚರ್ಚಿನ ಮೊಸಾಯಿಕ್‌ಗಳನ್ನು ನೋಡಿದರು. ಅಲ್ಲಿ ಚಿನ್ನದ ಹಿನ್ನೆಲೆಯಲ್ಲಿ ಸಾಮ್ರಾಜ್ಞಿ ಥಿಯೊಡೋರಾ ನಿಂತಿದ್ದಾಳೆ. ಅದನ್ನು ಒಮ್ಮೆ ನೋಡಿ ಆಮೇಲೆ ಅಡೆಲೆಯ ಚಿತ್ರಕ್ಕೆ ಬನ್ನಿ, ನಂಟು ತಾನಾಗಿ ಕಾಣುತ್ತದೆ.

ಈ ಚಿತ್ರದಲ್ಲಿ ಮನುಷ್ಯರ ಮೈ ಎಂದು ಅನಿಸುವುದು ಮುಖ, ಎದೆ-ಭುಜ, ಕೈಗಳು ಮಾತ್ರ. ಉಳಿದದ್ದೆಲ್ಲ ಎಣ್ಣೆಬಣ್ಣ, ಬೆಳ್ಳಿ, ಚಿನ್ನದ ಹಾಳೆ. ಉಡುಪು ಎಲ್ಲಿ ಮುಗಿದು ಕುರ್ಚಿ ಎಲ್ಲಿ ಶುರುವಾಗುತ್ತದೆ ಎಂದು ಹೇಳುವುದೇ ಕಷ್ಟ. ಉಡುಪಿನ ತುಂಬ ತ್ರಿಕೋನಗಳು, ಈಜಿಪ್ಟಿನ ಚಿತ್ರಗಳಲ್ಲಿ ಬರುವಂಥ ಕಣ್ಣುಗಳು. ಹುಡುಕಿದರೆ ಎ, ಬಿ ಅಕ್ಷರಗಳೂ ಸಿಗುತ್ತವೆ. ಇನ್ನು ಕೈಗಳು. ಒಂದರ ಮೇಲೊಂದು ಬಿಗಿಯಾಗಿ ಮಡಚಿಟ್ಟ ರೀತಿ ಸ್ವಲ್ಪ ವಿಚಿತ್ರವಾಗಿದೆ ಅಲ್ವಾ? ಅಡೆಲೆಯವರ ಒಂದು ಬೆರಳು ಊನವಾಗಿತ್ತು, ಅದನ್ನು ಮರೆಸಲು ಹೀಗೆ ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ. ಅಷ್ಟೊಂದು ಹೊಳಪಿನ ನಡುವೆಯೂ ನನ್ನ ಕಣ್ಣು ಮೊದಲು ಹೋಗುವುದು ಆ ಕೈಗಳ ಮೇಲೆಯೇ.

ಅಡೆಲೆ ಯಾರು

1881ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದವರು. ತಂದೆ ಮೊರಿಟ್ಸ್ ಬಾವರ್ ದೊಡ್ಡ ಬ್ಯಾಂಕೊಂದರ ಮುಖ್ಯಸ್ಥರು, ಯಹೂದಿ ಮನೆತನ. 1899ರಲ್ಲಿ ಸಕ್ಕರೆ ಉದ್ಯಮಿ ಫರ್ಡಿನಂಡ್ ಬ್ಲೋಖ್ ಜೊತೆ ಮದುವೆ. ಅಡೆಲೆಯ ಅಕ್ಕ ತೆರೇಸೆಯನ್ನು ಫರ್ಡಿನಂಡ್ ಅವರ ಅಣ್ಣ ಗುಸ್ತಾವ್ ಮದುವೆಯಾಗಿದ್ದರು. ಎರಡೂ ಸಂಸಾರಗಳು ಬ್ಲೋಖ್-ಬಾವರ್ ಎಂಬ ಜೋಡಿ ಹೆಸರು ಇಟ್ಟುಕೊಂಡವು. ತೆರೇಸೆಯ ಮಗಳೇ ಮರಿಯಾ ಆಲ್ಟ್‌ಮನ್. ಮುಂದೆ ಮೊಕದ್ದಮೆ ಹೂಡಿದವರು ಇವರೇ, ಹೆಸರು ನೆನಪಿಡಿ.

ಅಡೆಲೆ ಸುಮ್ನೆ ಶ್ರೀಮಂತರ ಮನೆ ಹೆಂಗಸಾಗಿ ಕೂತವರಲ್ಲ. ಕಲಾವಿದರು, ಬರಹಗಾರರು, ಸಮಾಜವಾದಿ ನಾಯಕರು ಅವರ ಮನೆಗೆ ಬಂದು ಚರ್ಚೆ ಮಾಡುತ್ತಿದ್ದರು. 1912ರಲ್ಲಿ ಕ್ಲಿಮ್ಟ್ ಅಡೆಲೆಯ ಎರಡನೇ ಭಾವಚಿತ್ರವನ್ನೂ ಬರೆದರು. 1925ರ ಜನವರಿಯಲ್ಲಿ, 43ನೇ ವಯಸ್ಸಿನಲ್ಲಿ, ಮಿದುಳುಜ್ವರದಿಂದ ಅಡೆಲೆ ತೀರಿಕೊಂಡರು. ಅವರ ಕೋಣೆಯನ್ನು ಫರ್ಡಿನಂಡ್ ಆ ಚಿತ್ರಗಳ ಸಮೇತ ಹಾಗೆಯೇ ಉಳಿಸಿಕೊಂಡರು.

ಉಯಿಲಿನ ಆ ಒಂದು ಸಾಲು

ಇಲ್ಲಿ ನಿಧಾನ ಮಾಡಿ. 1923ರ ಉಯಿಲಿನಲ್ಲಿ ಅಡೆಲೆ ಪತಿಗೆ ಒಂದು ವಿನಂತಿ ಮಾಡಿದ್ದರು. ಕ್ಲಿಮ್ಟ್ ಬರೆದ ತಮ್ಮ ಎರಡು ಭಾವಚಿತ್ರ, ನಾಲ್ಕು ನಿಸರ್ಗಚಿತ್ರಗಳನ್ನು ಫರ್ಡಿನಂಡ್ ತಮ್ಮ ಕಾಲಾನಂತರ ಆಸ್ಟ್ರಿಯಾದ ಸರ್ಕಾರಿ ಗ್ಯಾಲರಿಗೆ ಬಿಟ್ಟುಕೊಡಬೇಕು ಎಂದು. ಆ ಗ್ಯಾಲರಿ ಇರುವುದು ಬೆಲ್ವೆಡೇರ್ ಅರಮನೆಯಲ್ಲಿ.

ಈ ಸಾಲಿನಲ್ಲಿ ಮೂರು ಅಂಶ ಇವೆ. ಇದು ವಿನಂತಿ, ಆದೇಶ ಅಲ್ಲ. ಚಿತ್ರಗಳಿಗೆ ಹಣ ಕೊಟ್ಟವರು ಫರ್ಡಿನಂಡ್. ಅವು ಅವರ ಸ್ವತ್ತು ಎಂದು ಉಯಿಲಿನ ಜಾರಿಯ ವೇಳೆ 1926ರ ದಾಖಲೆಯಲ್ಲೇ ಬರೆಯಲಾಗಿತ್ತು. ಹೆಂಡತಿಯ ಆಸೆ ನಡೆಸುತ್ತೇನೆ ಎಂದು ಅವರು ಆಗ ಹೇಳಿದ್ದರು, ಅದು ಬೇರೆ ಮಾತು. ಮೂರನೆಯದು ಸಮಯ. ಕೊಡಬೇಕಾದದ್ದು ಫರ್ಡಿನಂಡ್ ತೀರಿಕೊಂಡ ಮೇಲೆ.

1938ರಿಂದ 1943

1938ರ ಮಾರ್ಚ್‌ನಲ್ಲಿ ಹಿಟ್ಲರ್ ಸೇನೆ ಆಸ್ಟ್ರಿಯಾ ಹೊಕ್ಕಿತು. ಫರ್ಡಿನಂಡ್ ಮೊದಲು ಪ್ರಾಗ್ ಹತ್ತಿರದ ತಮ್ಮ ಬಂಗಲೆಗೆ, ಅಲ್ಲಿಂದ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ಗೆ ಓಡಿಹೋಗಬೇಕಾಯಿತು. ಅವರು ತೆರಿಗೆ ಬಾಕಿ ಇಟ್ಟಿದ್ದಾರೆ ಎಂದು ಆರೋಪ ಹೊರಿಸಿ ನಾಜಿಗಳು ಆಸ್ತಿಯನ್ನೆಲ್ಲ ಹಿಡಿದುಕೊಂಡರು. ಸಕ್ಕರೆ ಕಾರ್ಖಾನೆ ಹೋಯಿತು. ವಿಯೆನ್ನಾದ ಮನೆ ರೈಲ್ವೆ ಕಚೇರಿಯಾಯಿತು. 400ಕ್ಕೂ ಹೆಚ್ಚು ಪಿಂಗಾಣಿ ವಸ್ತುಗಳ ಸಂಗ್ರಹ ಹರಾಜಾಯಿತು. ಪ್ರಾಗ್ ಬಳಿಯ ಬಂಗಲೆಯಲ್ಲಿ ನಾಜಿ ಅಧಿಕಾರಿ ಹೈಡ್ರಿಕ್ ಬಂದು ಕೂತ.

ಆಸ್ತಿ ವಿಲೇವಾರಿಗೆ ನಿಂತವನು ಎರಿಕ್ ಫ್ಯೂರರ್ ಎಂಬ ನಾಜಿ ವಕೀಲ. 1941ರಲ್ಲಿ ಅವನು ಚಿನ್ನದ ಭಾವಚಿತ್ರ ಮತ್ತು ಸೇಬಿನ ಮರದ ಚಿತ್ರವನ್ನು ಗ್ಯಾಲರಿಗೆ ಕೊಟ್ಟ. ಪತ್ರದ ಕೊನೆಯಲ್ಲಿ ಹಿಟ್ಲರ್‌ಗೆ ಜೈಕಾರ. ಬದಲಿಗೆ ಅವನು ಪಡೆದದ್ದು ಆಟರ್ಜೇ ಸರೋವರದ ದಡದ ಕೋಟೆಮನೆಯ ಚಿತ್ರ. ಆ ಚಿತ್ರವನ್ನು 1936ರಲ್ಲಿ ಫರ್ಡಿನಂಡ್ ಅವರೇ ಸಂತೋಷದಿಂದ ಗ್ಯಾಲರಿಗೆ ದಾನ ಮಾಡಿದ್ದರು! ಅದನ್ನು ವಾಪಸ್ ತೆಗೆದುಕೊಂಡು ಬೇರೆಯವರಿಗೆ ಮಾರಿದ. ಎರಡನೇ ಭಾವಚಿತ್ರ 1943ರಲ್ಲಿ ಗ್ಯಾಲರಿಗೆ ಮಾರಾಟವಾಯಿತು. ಅದೇ ವರ್ಷ ವಿಯೆನ್ನಾದಲ್ಲಿ ಕ್ಲಿಮ್ಟ್ ಪ್ರದರ್ಶನ ನಡೆದಾಗ ಅಡೆಲೆಯ ಹೆಸರು ಮಾಯವಾಗಿತ್ತು. ಚಿನ್ನದ ಹಿನ್ನೆಲೆಯ ಮಹಿಳೆ ಎಂದಷ್ಟೇ ಉಳಿಯಿತು. ಹಣ, ಮನೆ ಕಿತ್ತುಕೊಂಡದ್ದಕ್ಕಿಂತ ಈ ಹೆಸರು ಅಳಿಸಿದ ಕೆಲಸ ನನಗೆ ಜಾಸ್ತಿ ನೋವು ಕೊಡುತ್ತದೆ.

ಈಗ ಉಯಿಲಿನ ಮೂರನೇ ಅಂಶಕ್ಕೆ ಮರಳಿ. 1941ರಲ್ಲಿ ಫರ್ಡಿನಂಡ್ ಬದುಕಿದ್ದರು. ಅವರು ತೀರಿಕೊಂಡದ್ದು 1945ರ ನವೆಂಬರ್‌ನಲ್ಲಿ. ಅಡೆಲೆಯ ಇಷ್ಟದಂತೆಯೇ ಚಿತ್ರ ಬಂತು ಎಂಬ ವಾದ ಇಲ್ಲಿಗೇ ಕುಸಿಯುತ್ತದೆ. ಫರ್ಡಿನಂಡ್ ತಮ್ಮ ಕೊನೆಯ ಉಯಿಲಿನಲ್ಲಿ ಗ್ಯಾಲರಿಗೆ ಏನನ್ನೂ ಬಿಡಲಿಲ್ಲ. ಅಣ್ಣನ ಮೂವರು ಮಕ್ಕಳಿಗೆ ಎಲ್ಲವನ್ನೂ ಬರೆದರು. ತಮ್ಮನ್ನು ಓಡಿಸಿದ ದೇಶಕ್ಕೆ ಯಾಕೆ ಕೊಡಬೇಕಿತ್ತು?

ಯುದ್ಧದ ನಂತರದ ಒತ್ತಡ

1948ರಲ್ಲಿ ಗ್ಯಾಲರಿಯ ಹೊಸ ನಿರ್ದೇಶಕ ಕಾರ್ಲ್ ಗಾರ್ಜರೊಲ್ಲಿ ಕಡತ ತೆಗೆದು ನೋಡಿದರು. ದಾನಪತ್ರ ಸಿಗಲಿಲ್ಲ. ಕಂಗಾಲಾಗಿ ಹಿಂದಿನ ನಿರ್ದೇಶಕರಿಗೆ ಪತ್ರ ಬರೆದರು. ಅಂದರೆ ಒಳಗಿನವರಿಗೆ ವಿಷಯ ಗೊತ್ತಿತ್ತು. ಆದರೂ ಚಿತ್ರ ವಾಪಸ್ ಬರಲಿಲ್ಲ. ವಾರಸುದಾರರು ವಿದೇಶದಲ್ಲಿದ್ದರು, ಉಳಿದ ಕಲಾಕೃತಿಗಳನ್ನು ಹೊರಗೆ ಒಯ್ಯಲು ರಫ್ತು ಪರವಾನಗಿ ಬೇಕಿತ್ತು. ಕ್ಲಿಮ್ಟ್ ಚಿತ್ರಗಳ ಮೇಲಿನ ಹಕ್ಕು ಬಿಟ್ಟರೆ ಉಳಿದದ್ದು ಸಿಗುತ್ತದೆ ಎಂಬ ಪರಿಸ್ಥಿತಿ. ಕುಟುಂಬದ ವಕೀಲರು ಒಪ್ಪಿಕೊಂಡರು.

1998ರಲ್ಲಿ ಆಸ್ಟ್ರಿಯಾ ತಂದ ಕಾನೂನು ಇಂಥ ಬಲವಂತದ ಒಪ್ಪಂದಗಳಿಂದ ಬಂದ ಕೃತಿಗಳನ್ನು ಮರಳಿಸಲು ದಾರಿ ಮಾಡಿತು. ಪತ್ರಕರ್ತ ಹುಬರ್ಟಸ್ ಚೆರ್ನಿನ್ ದಾಖಲೆಗಳನ್ನು ಹೊರತೆಗೆದರು. ಆದರೂ 1999ರಲ್ಲಿ ಸರ್ಕಾರದ ಸಲಹಾ ಸಮಿತಿ ಕ್ಲಿಮ್ಟ್ ವರ್ಣಚಿತ್ರಗಳನ್ನು ಮರಳಿಸಬೇಕಿಲ್ಲ ಎಂದಿತು.

ಕೋರ್ಟು: ಎಲ್ಲರೂ ಎಡವುವ ಜಾಗ

ಆಸ್ಟ್ರಿಯಾದಲ್ಲಿ ದಾವೆ ಹೂಡಲು ಶುಲ್ಕ ಸ್ವತ್ತಿನ ಬೆಲೆಗೆ ತಕ್ಕಂತೆ ಕಟ್ಟಬೇಕು. ಆ ಮೊತ್ತ ಮರಿಯಾ ಅವರಿಗೆ ಹೊರಲಾರದ ಹೊರೆ. ಅವರು ಆಗ ಲಾಸ್ ಏಂಜಲೀಸ್‌ನಲ್ಲಿದ್ದರು. 2000ದಲ್ಲಿ ವಕೀಲ ರ‍್ಯಾಂಡಲ್ ಶೋನ್‌ಬರ್ಗ್ ಜೊತೆ ಅಮೆರಿಕದಲ್ಲೇ ಕೇಸು ಹಾಕಿದರು. 2004ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 6-3 ಬಹುಮತದಿಂದ ಅವರ ಪರ ನಿಂತಿತು.

ಸುಪ್ರೀಂ ಕೋರ್ಟ್ ಚಿತ್ರವನ್ನು ಮರಿಯಾಗೆ ಕೊಟ್ಟಿತು ಎಂದು ಬರೆದರೆ ತಪ್ಪು. ವಿದೇಶಿ ಸರ್ಕಾರಗಳನ್ನು ಯಾವಾಗ ಕೋರ್ಟಿಗೆ ಎಳೆಯಬಹುದು ಎಂದು ಹೇಳುವ 1976ರ ಕಾನೂನು ಅದಕ್ಕೂ ಹಿಂದಿನ ಘಟನೆಗಳಿಗೆ ಅನ್ವಯಿಸುತ್ತದೆಯೇ? ಅಲ್ಲಿದ್ದ ಪ್ರಶ್ನೆ ಅಷ್ಟೇ. ಅನ್ವಯಿಸುತ್ತದೆ ಎಂದಿತು, ಕೇಸು ಮುಂದುವರಿಯಬಹುದಾಯಿತು. ಚಿತ್ರ ಯಾರದ್ದು ಎಂದು ತೀರ್ಮಾನಿಸಿದ್ದು ಎರಡೂ ಕಡೆಯವರು ಒಪ್ಪಿದ ಮೂವರು ಆಸ್ಟ್ರಿಯನ್ ಪಂಚರು, 2006ರ ಜನವರಿಯಲ್ಲಿ. ಅಡೆಲೆಯ ವಿನಂತಿ ಕಾನೂನುಬದ್ಧ ಕಟ್ಟಳೆ ಅಲ್ಲ, ಚಿತ್ರಗಳನ್ನು ಮರಳಿಸಬೇಕು ಎಂದು ಹೇಳಿದರು. ಹೀಗೆ ಉಯಿಲಿನ ಆರರಲ್ಲಿ ಐದು ಚಿತ್ರಗಳು ಬಂದವು. ಆರನೆಯದು ಫರ್ಡಿನಂಡ್ ತಾವೇ ದಾನ ಕೊಟ್ಟಿದ್ದ ಆ ಕೋಟೆಮನೆ.

ಅದೇ ವರ್ಷ ಚಿನ್ನದ ಭಾವಚಿತ್ರವನ್ನು ರೊನಾಲ್ಡ್ ಲಾಡರ್ ನ್ಯೂಯಾರ್ಕಿನ ನೋಯೆ ಗ್ಯಾಲರಿಗಾಗಿ ಕೊಂಡರು. ಬೆಲೆ 135 ಮಿಲಿಯನ್ ಡಾಲರ್ ಎಂದು ಆಗ ವರದಿಯಾಯಿತು. ಮರಳಿ ಪಡೆದು ಮಾರಿಬಿಟ್ಟರಲ್ಲ ಎಂದು ಕೆಲವರು ಆಡಿಕೊಳ್ಳುತ್ತಾರೆ. ಸ್ವತ್ತು ನಿಮ್ಮದು ಎಂದು ಒಪ್ಪಿದ ಮೇಲೆ ಮಾರುವ ಹಕ್ಕೂ ಅದರಲ್ಲೇ ಸೇರಿದೆ. ಚಿತ್ರ ಜನರ ಕಣ್ಣಿಗೆ ಬೀಳುವಂತೆಯೇ ಇರಬೇಕು ಎಂಬುದು ಮರಿಯಾ ಅವರ ಇಷ್ಟವಾಗಿತ್ತು, ಅದು ನಡೆದಿದೆ. ಎರಡನೇ ಭಾವಚಿತ್ರ ಮಾತ್ರ ನವೆಂಬರ್ ಹರಾಜಿನಲ್ಲಿ ಸುಮಾರು 88 ಮಿಲಿಯನ್ ಡಾಲರ್‌ಗೆ ಖಾಸಗಿಯವರ ಪಾಲಾಯಿತು.

ಮುಂದೆ ಓದುವವರು ಇದರ ಜೊತೆಗೆ ಕ್ಲಿಮ್ಟ್ ಬರೆದ ಅಮಾಲಿ ಝುಕರ್‌ಕಾಂಡ್ಲ್ ಭಾವಚಿತ್ರದ ಪ್ರಕರಣ ನೋಡಿ. ಅದೂ ಫರ್ಡಿನಂಡ್ ಮನೆಯಲ್ಲಿತ್ತು. ಅಮಾಲಿಯವರನ್ನು ನಾಜಿಗಳು 1942ರಲ್ಲಿ ಕೊಂದರು. ಆದರೆ 2006ರ ಮೇ ತಿಂಗಳಲ್ಲಿ ಪಂಚರು ಆ ಚಿತ್ರವನ್ನು ಮರಳಿಸಬೇಕಾಗಿಲ್ಲ ಎಂದರು. ನಡುವೆ ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದನ್ನು ತಾರೀಕು ಹಾಕಿ ಬರೆದುಕೊಂಡು, ಅಡೆಲೆ ಪ್ರಕರಣದ ಪಕ್ಕದಲ್ಲಿಟ್ಟು ಹೋಲಿಸಿ.