ದೇವರಾಜ ಮಾರುಕಟ್ಟೆ: ಕೆಡವುವ ಮಾತು ಬಂದದ್ದು ಎಲ್ಲಿಂದ?

2016ರ ಆಗಸ್ಟ್ 28ರಂದು ಮೈಸೂರಿನ ದೇವರಾಜ ಮಾರುಕಟ್ಟೆಯ ಉತ್ತರ ದ್ವಾರ ಕುಸಿದು ಬಿತ್ತು. ಧನ್ವಂತರಿ ರಸ್ತೆ ಕಡೆಯ ಬಾಗಿಲು ಅದು. ದುರಸ್ತಿ ಕೆಲಸ ನಡೆಯುತ್ತಿದ್ದಾಗಲೇ ಹೀಗಾಯಿತು. ನಾಲ್ಕು ವರ್ಷ ಮೊದಲು, 2012ರ ಆಗಸ್ಟ್ 25ರಂದು, ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಬಿದ್ದು ನಾಲ್ವರು ಸತ್ತಿದ್ದರು. ಎರಡೂ ಬಿದ್ದದ್ದು ಮಳೆಗಾಲದಲ್ಲಿ. ‘ಹಳೇ ಕಟ್ಟಡ, ಇನ್ನೆಷ್ಟು ದಿನ ನಿಂತೀತು’ ಎನ್ನುವ ಮಾತು ಅಲ್ಲಿಂದ ಗಟ್ಟಿಯಾಯಿತು. ವಯಸ್ಸಿಗಿಂತ ಮೊದಲು ನೋಡಬೇಕಾದದ್ದು ನೀರನ್ನು.

ಮಾರುಕಟ್ಟೆಗೆ ಹೆಸರು ಬಂದದ್ದು 17ನೇ ಶತಮಾನದ ದೊಡ್ಡ ದೇವರಾಜ ಒಡೆಯರಿಂದ. ಈಗಿನ ಕಟ್ಟಡ ಎದ್ದದ್ದು 10ನೇ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, 19ನೇ ಶತಮಾನದ ಕೊನೆಗೆ. ಬೆಳೆದದ್ದು ನಾಲ್ವಡಿಯವರ ಕಾಲದಲ್ಲಿ. ಕೆ.ಆರ್. ವೃತ್ತದ ಕಡೆ ಚಿಕ್ಕ ಗಡಿಯಾರ, ಪಕ್ಕದಲ್ಲಿ ಸಯ್ಯಾಜಿರಾವ್ ರಸ್ತೆ. ರಸ್ತೆಗೆ ಮುಖ ಮಾಡಿದ ಮಳಿಗೆ ಸಾಲು ಹೊರಗೆ, ಹೂವು, ಹಣ್ಣು, ತರಕಾರಿ, ವೀಳ್ಯದೆಲೆ, ಕುಂಕುಮದ ಓಣಿಗಳು ಒಳಗೆ.

ಇಟ್ಟಿಗೆ ಗೋಡೆ, ಸುಣ್ಣದ ಗಾರೆ, ಮೇಲೆ ಮದ್ರಾಸ್ ತಾರಸಿ. ಈ ತಾರಸಿ ಹೇಗೆ ಕೂರುತ್ತದೆ ಎಂದು ತಿಳಿಯದೆ ಮುಂದಿನ ಜಗಳ ಅರ್ಥವಾಗುವುದಿಲ್ಲ. ಗೋಡೆಯಿಂದ ಗೋಡೆಗೆ ಮರದ ಜಂತೆ. ಅದರ ಮೇಲೆ ಒಂದು ಅಂಗುಲ ದಪ್ಪದ ಚಿಕ್ಕ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಓರೆಯಾಗಿ, ಸುಣ್ಣದ ಗಾರೆಯಲ್ಲಿ ಜೋಡಿಸುತ್ತಾರೆ. ಅದು ಬಿಗಿದ ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ಕಲಸು. ನಾಲ್ಕು ಅಂಗುಲ ಹಾಸಿ, ಮೂರು ಅಂಗುಲಕ್ಕೆ ಇಳಿಯುವ ತನಕ ಮರದ ಕೊರಡಿನಿಂದ ದಿನಗಟ್ಟಲೆ ಬಡಿಯುತ್ತಾರೆ. ಬಡಿಯುವಾಗ ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುವುದು ವಾಡಿಕೆ. ಕೊನೆಗೆ ಚಪ್ಪಟೆ ಹೆಂಚು, ನೀರು ಹರಿಯಲು ಇಳಿಜಾರು. ಒಳ್ಳೆಯ ಕೆಲಸವಾದರೆ ನೂರು ವರ್ಷ ದಾಟುತ್ತದೆ, ಆದರೆ ಪ್ರತಿ ಮಳೆಗಾಲಕ್ಕೆ ಮೊದಲು ಬಿರುಕು ತುಂಬಿ, ನೀರಿನ ಕೊಳವೆ ಬಿಡಿಸಿಕೊಡಬೇಕು.

ಅದು ತಪ್ಪಿದಾಗ ಕೆಡುವುದು ಮೊದಲು ಜಂತೆಯ ತುದಿ. ನಡುಭಾಗ ಗಾಳಿಗೆ ಒಣಗುತ್ತದೆ. ಗೋಡೆಯೊಳಗೆ ಹುದುಗಿದ ಒಂದು ಗೇಣು ಒದ್ದೆಯಾಗಿಯೇ ಉಳಿದು ಕೊಳೆಯುತ್ತದೆ. ಕೆಳಗೆ ನಿಂತು ನೋಡಿದರೆ ಮರ ಚೆನ್ನಾಗಿಯೇ ಕಾಣುತ್ತದೆ. ಗೋಡೆಗೆ ತಾಗುವಲ್ಲಿ ದಬ್ಬಳ ಚುಚ್ಚಿ ನೋಡಬೇಕು: ಗಟ್ಟಿ ಮರ ತಡೆಯುತ್ತದೆ, ಕೊಳೆತದ್ದರಲ್ಲಿ ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತದೆ. ಗಾರೆಯ ಸಂದಿಯಲ್ಲಿ ಬೇರೂರಿದ ಅರಳಿ ಗಿಡವೂ ಅಷ್ಟೇ ಕೆಟ್ಟದ್ದು. ಕಾಂಡ ಕತ್ತರಿಸಿದರೆ ಮತ್ತೆ ಚಿಗುರುತ್ತದೆ, ಬೇರು ಎಳೆದರೆ ಗೋಡೆ ಬಾಯಿಬಿಡುತ್ತದೆ. ಬೇರನ್ನು ಸಾಯಿಸಿ, ಒಣಗಿದ ಮೇಲೆ ಬಿಡಿಸಿ, ಸಂದಿಗೆ ಸುಣ್ಣ ತುಂಬಬೇಕು.

ಇನ್ನೊಂದು ಶತ್ರು ಸಿಮೆಂಟು. ಸೋರಿಕೆ ಕಂಡಲ್ಲಿ ಸಿಮೆಂಟ್ ಮೆತ್ತುವುದು ಸುಲಭ, ಅಗ್ಗ. ಸುಣ್ಣದ ಗೋಡೆ ತೇವ ಕುಡಿದು ಮತ್ತೆ ಬಿಟ್ಟುಕೊಡುತ್ತದೆ. ಸಿಮೆಂಟ್ ಆ ದಾರಿ ಮುಚ್ಚುತ್ತದೆ. ಒಳಗೆ ಸಿಕ್ಕಿಬಿದ್ದ ಉಪ್ಪು ಹರಳುಗಟ್ಟಿ ಇಟ್ಟಿಗೆ ಪುಡಿಯಾಗುತ್ತದೆ. ಮೇಲಿನ ತೇಪೆ ಮಾತ್ರ ಗಟ್ಟಿಯಾಗಿ ನಿಂತಿರುತ್ತದೆ. ಹೂವಿನ ಸಾಲಿನಂಥ ಕಡೆ ನೀರು ಕೆಳಗಿನಿಂದಲೂ ಬರುತ್ತದೆ. ಮಲ್ಲಿಗೆ ಬಾಡದಿರಲೆಂದು ದಿನವಿಡೀ ಚಿಮುಕಿಸಿದ್ದು ನೆಲಕ್ಕಿಳಿದು ಗೋಡೆಯ ಬುಡ ಸೇರುತ್ತದೆ. ಚರಂಡಿ ಕಟ್ಟಿಕೊಂಡರೆ ಕತೆ ಮುಗಿಯಿತು.

ಉತ್ತರ ದ್ವಾರ ಬಿದ್ದ ಮೇಲೆ ತಜ್ಞರು ಎರಡಾದರು. ಕೆಡವಿ ಹಳೆಯ ಮಾದರಿಯಲ್ಲೇ ಕಟ್ಟಬೇಕೆಂದು ಒಂದು ಪಕ್ಷ, ಉಳಿಸಿಕೊಳ್ಳಬಹುದೆಂದು ಪಾರಂಪರಿಕ ಕಟ್ಟಡಗಳ ರಕ್ಷಣೆಗೆ ದುಡಿಯುವ ಸಂಸ್ಥೆ ಇಂಟ್ಯಾಕ್. ವಿವಾದ ಹೈಕೋರ್ಟ್‌ಗೆ ಹೋಯಿತು. 2023ರಲ್ಲಿ ಬಂದ ತೀರ್ಪು ಕೆಡವುವ ಪಕ್ಷಕ್ಕೆ ಅನುಕೂಲವಾಯಿತು. ಇಷ್ಟು ವರ್ಷ ಕಾದವರು ವ್ಯಾಪಾರಿಗಳು. ಒಳಗೆ ನೂರಾರು ಮಳಿಗೆಗಳಿವೆ. ಮಳಿಗೆ ಬಿಟ್ಟು ಹೊರಬಂದರೆ ಅದೇ ಜಾಗ, ಅದೇ ಬಾಡಿಗೆ ಮತ್ತೆ ಸಿಗುತ್ತದೆಯೇ ಎಂಬುದು ಅವರ ಪ್ರಶ್ನೆ, ಅದು ನ್ಯಾಯವಾದ ಪ್ರಶ್ನೆ.

‘ಹಳೆಯ ಮಾದರಿ’ ಎಂದರೆ ಮುಂಭಾಗದ ಕಮಾನು ಮಾತ್ರ ಎಂದಾದರೆ ಉಳಿಯುವುದು ಕಾಂಕ್ರೀಟ್ ಮೇಲಿನ ಮುಖವಾಡ. ಇಡೀ ಕಟ್ಟಡಕ್ಕೆ ಒಂದೇ ತೀರ್ಮಾನ ಕೊಡುವುದೂ ಸರಿಯಲ್ಲ. ಅಂಕಣ ಅಂಕಣವಾಗಿ, ಅಂದರೆ ಗೋಡೆಯಿಂದ ಗೋಡೆಗೆ ಒಂದೊಂದೇ ಭಾಗವಾಗಿ, ನೋಡಬೇಕು. ಮೊದಲು ಜಂತೆಗಳ ಕೆಳಗೆ ಕಂಬ ಕೊಟ್ಟು ಭಾರ ಇಳಿಸಬೇಕು, ಆಮೇಲೆ ತಾರಸಿಯ ಮೇಲಿನ ಹೆಚ್ಚಿನ ಹೊರೆ ತೆಗೆಯಬೇಕು, ಆಮೇಲಷ್ಟೇ ಗಾರೆ ಕೆರೆಯಬೇಕು. ಈ ಕ್ರಮ ತಿರುಗುಮುರುಗಾದರೆ ದುರಸ್ತಿಯೇ ಕಟ್ಟಡ ಬೀಳಿಸುತ್ತದೆ. ತುದಿ ಮಾತ್ರ ಕೊಳೆತ ಜಂತೆಗೆ ಹೊಸ ತೇಗದ ತುಂಡು ಬೆಸೆಯಬಹುದು, ಇಲ್ಲವೇ ಎರಡೂ ಬದಿಗೆ ಉಕ್ಕಿನ ಪಟ್ಟಿ ಬೋಲ್ಟ್ ಮಾಡಬಹುದು. ಪೂರ್ತಿ ಹೋದ ಅಂಕಣ ಕಟ್ಟುವುದಾದರೆ ಅಲ್ಲಿಯೂ ಸುಣ್ಣವೇ ಬೇಕು, ಇಲ್ಲವಾದರೆ ಪಕ್ಕದ ಹಳೆಯ ಗೋಡೆಯೊಂದಿಗೆ ಅದು ಹೊಂದಿಕೊಳ್ಳುವುದಿಲ್ಲ.